ದೂರದೇಶದಲ್ಲಿ ಫೋನು ತನ್ನ ನೆಲೆಯನ್ನು ಅರಿಯುವ ಬಗೆ

ಅರಿಯದ ಊರಿನಲ್ಲಿ ಕಾಲಿಟ್ಟವನಿಗೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: ‘ನಾನು ಈಗ ಇರುವುದೆಲ್ಲಿ?’ ಹಿಂದಿನ ಕಾಲದ ಪ್ರಯಾಣಿಕನು ಇದಕ್ಕೆ ಉತ್ತರವನ್ನು ದಾರಿಹೋಕರಿಂದಲೋ, ಬೀದಿಯ ಮೂಲೆಯ ಅಂಗಡಿಯವನಿಂದಲೋ, ರಾತ್ರಿಯಾಗಿದ್ದರೆ ನಕ್ಷತ್ರಗಳಿಂದಲೋ ಪಡೆಯುತ್ತಿದ್ದನು. ಇಂದಿನವನು ಜೇಬಿನಿಂದ ಸ್ಮಾರ್ಟ್‌ಫೋನನ್ನು ಹೊರತೆಗೆಯುತ್ತಾನೆ. ಭೂಪಟದ ಮೇಲೆ ನೀಲಿ ಚುಕ್ಕೆಯೊಂದು ಮೂಡಿ, ಅವನು ನಿಂತಿರುವ ಬೀದಿಯನ್ನೇ ತೋರಿಸುತ್ತದೆ. ಮುಂಬಯಿಯ ಮಾಟುಂಗದಲ್ಲಿ ಮೂಡಿದಂತೆಯೇ ಆ ಚುಕ್ಕೆ ಲಂಡನ್ನಿನಲ್ಲಿಯೂ ಟೋಕಿಯೋದಲ್ಲಿಯೂ ಮೂಡುತ್ತದೆ.

ಇಷ್ಟು ಸುಲಭವಾಗಿ ಉತ್ತರ ದೊರೆಯುವುದರಿಂದ ಅದರ ಹಿಂದೆ ನಡೆಯುವ ಕೆಲಸವನ್ನು ನಾವು ಯೋಚಿಸುವುದಿಲ್ಲ. ಆದರೆ ಒಂದು ಸೋಜಿಗವನ್ನು ಗಮನಿಸಿರಿ. ಭಾರತದ ಸಿಮ್ ಕಾರ್ಡನ್ನೇ ಇಟ್ಟುಕೊಂಡು ಲಂಡನ್ನಿಗೆ ಹೋದವರೊಬ್ಬರ ಫೋನಿನಲ್ಲಿ ನೀಲಿ ಚುಕ್ಕೆಯು ಥೇಮ್ಸ್ ನದಿಯ ದಂಡೆಯನ್ನು ಸರಿಯಾಗಿ ತೋರಿಸುತ್ತಿರುತ್ತದೆ. ಅದೇ ಫೋನಿನಲ್ಲಿ, ಅದೇ ಗಳಿಗೆಯಲ್ಲಿ ತೆರೆದ ಒಂದು ಜಾಲತಾಣವು ಅವರನ್ನು ಭಾರತದಲ್ಲಿಯೇ ಇರುವವರೆಂದು ಬಗೆದು, ವಸ್ತುಗಳ ಬೆಲೆಯನ್ನು ರೂಪಾಯಿಗಳಲ್ಲಿ ಹೇಳುವುದುಂಟು. ಒಂದೇ ಫೋನಿನಿಂದ ಎರಡು ಉತ್ತರಗಳು ಬಂದುದು ಹೇಗೆ?

ಇದನ್ನು ತಿಳಿಯಬೇಕಾದರೆ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಫೋನು ತನ್ನ ನೆಲೆಯನ್ನು ತಾನು ಅರಿಯುವುದು ಬೇರೆ. ಆ ಫೋನಿನ ನೆಲೆಯನ್ನು ಇತರರು ಅರಿಯುವುದು ಬೇರೆ. ಮೊದಲನೆಯದಕ್ಕೆ ದೇಶದ ಗಡಿಯ ಹಂಗು ಬಹಳ ಕಡಮೆ. ಎರಡನೆಯದು ಗಡಿ ದಾಟಿದೊಡನೆ ಆಯಾ ದೇಶದ ಮೊಬೈಲ್ ಜಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರಾಣಾಪಾಯದ ಹೊತ್ತಿನಲ್ಲಿ ಈ ಭೇದವು ಬಹು ದೊಡ್ಡದಾಗಿ ಪರಿಣಮಿಸುತ್ತದೆ. ಆದಕಾರಣ ಇವೆರಡನ್ನೂ ಒಂದೊಂದಾಗಿ ವಿಚಾರಿಸೋಣ.

ಆಕಾಶದ ಗಡಿಯಾರಗಳು

ಮೊದಲು ಆಕಾಶದ ಕಡೆಗೆ ನೋಡೋಣ. ಅಮೆರಿಕದ ಸಂಯುಕ್ತ ಸಂಸ್ಥಾನವು ೧೯೭೮ರಿಂದ ಹಾರಿಸತೊಡಗಿದ ಜಿಪಿಎಸ್ ಉಪಗ್ರಹಗಳ ಪಂಗಡವು ೧೯೯೫ರಲ್ಲಿ ಪೂರ್ಣವಾಗಿ ಕೆಲಸಕ್ಕೆ ಸಿದ್ಧವಾಯಿತು. ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ, ದಿನಕ್ಕೆ ಎರಡು ಸಲ ಭೂಮಿಯನ್ನು ಸುತ್ತುತ್ತಿರುವ ೨೪ ಉಪಗ್ರಹಗಳಾದರೂ ಸದಾ ಕೆಲಸದಲ್ಲಿರಬೇಕೆಂಬುದು ಅದರ ಏರ್ಪಾಡು. ಪ್ರತಿಯೊಂದು ಉಪಗ್ರಹದಲ್ಲಿಯೂ ಅತಿ ಸೂಕ್ಷ್ಮವಾದ ಪರಮಾಣು ಗಡಿಯಾರವಿದೆ. ‘ನಾನು ಇಂಥ ಉಪಗ್ರಹ, ನನ್ನ ಸಂಚಾರದ ಪಥ ಇದು, ಈಗಿನ ಸಮಯ ಇಷ್ಟು’ ಎಂದು ಅದು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತದೆ.

ಇಷ್ಟನ್ನು ಕೇಳಿದ ಮಾತ್ರಕ್ಕೆ ಫೋನಿಗೆ ತನ್ನ ಜಾಗ ತಿಳಿಯುವುದೆಂತು? ದೇವಾಲಯದ ಗಂಟೆಯ ದೃಷ್ಟಾಂತದಿಂದ ಇದು ಸ್ಪಷ್ಟವಾಗುತ್ತದೆ. ಬಯಲಿನ ನಡುವೆ ಇರುವ ಒಂದು ದೇವಾಲಯದಲ್ಲಿ ಸರಿಯಾಗಿ ಆರು ಗಂಟೆಗೆ ಗಂಟೆ ಬಾರಿಸುವರೆಂದು ನಮಗೆ ಗೊತ್ತಿದೆ ಎನ್ನೋಣ. ಶಬ್ದವು ಸೆಕೆಂಡಿಗೆ ಸುಮಾರು ೩೪೦ ಮೀಟರ್ ಚಲಿಸುತ್ತದೆ. ನಮ್ಮ ಗಡಿಯಾರದಲ್ಲಿ ಆರು ಗಂಟೆಯಾಗಿ ಮೂರು ಸೆಕೆಂಡು ಕಳೆದ ಮೇಲೆ ಆ ನಾದ ಕೇಳಿಸಿದರೆ, ದೇವಾಲಯವು ನಮ್ಮಿಂದ ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಆದರೆ ಯಾವ ದಿಕ್ಕಿನಲ್ಲಿ? ಅದು ತಿಳಿಯದು. ದೇವಾಲಯವನ್ನು ಕೇಂದ್ರವಾಗಿಟ್ಟು ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತವನ್ನೆಳೆದರೆ ಅದರ ಮೇಲೆ ಎಲ್ಲಿಯೋ ಒಂದೆಡೆ ನಾವಿದ್ದೇವೆ, ಅಷ್ಟೆ. ಬೇರೊಂದು ದೇವಾಲಯದ ಗಂಟೆಯೂ ಕೇಳಿಸಿದರೆ ಎರಡನೆಯ ವೃತ್ತ ದೊರೆಯುತ್ತದೆ. ಎರಡು ವೃತ್ತಗಳು ಕತ್ತರಿಸುವುದು ಎರಡು ಬಿಂದುಗಳಲ್ಲಿ. ಮೂರನೆಯ ಗಂಟೆಯು ಆ ಎರಡರಲ್ಲಿ ನಮ್ಮದು ಯಾವುದೆಂದು ತೀರ್ಮಾನಿಸಿಬಿಡುತ್ತದೆ.

ಇಲ್ಲಿ ಒಂದು ತೊಡಕುಂಟು. ನಮ್ಮ ಗಡಿಯಾರವೇ ತಪ್ಪಿದ್ದರೆ? ಆಗ ಮೂರು ವೃತ್ತಗಳೂ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ತಿದ್ದುತ್ತ ಹೋದರೆ ಒಂದು ಹಂತದಲ್ಲಿ ಅವು ಕೂಡುತ್ತವೆ. ಹೀಗೆ ನಮ್ಮ ಜಾಗವೂ ಸರಿಯಾದ ಸಮಯವೂ ಒಟ್ಟಿಗೇ ತಿಳಿಯುತ್ತವೆ. ಫೋನು ಮಾಡುವುದೂ ಇದನ್ನೇ. ನೆಲದ ಮೇಲಿನ ಲೆಕ್ಕಕ್ಕೆ ಎತ್ತರದ ಲೆಕ್ಕವೂ ಸೇರುವುದರಿಂದ ಅದಕ್ಕೆ ಮೂರರ ಬದಲು ನಾಲ್ಕು ಉಪಗ್ರಹಗಳು ಬೇಕು. ಶಬ್ದಕ್ಕೆ ಬದಲಾಗಿ ಇಲ್ಲಿ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ಓಡುವ ರೇಡಿಯೋ ಅಲೆಯಿದೆ. ಅದು ನೆತ್ತಿಯ ಮೇಲಿನ ಉಪಗ್ರಹದಿಂದ ನಮ್ಮ ಬಳಿಗೆ ಬರಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಪಾಲು ಸಾಕು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಎಣಿಕೆ ತಪ್ಪಿದರೂ ಜಾಗವು ೩೦೦ ಮೀಟರ್ ತಪ್ಪಿತೆಂದೇ ಲೆಕ್ಕ.

ಈ ಸೂಕ್ಷ್ಮತೆಯ ಇನ್ನೊಂದು ನಿದರ್ಶನವನ್ನು ಕೇಳಿರಿ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಅಷ್ಟು ಎತ್ತರದಲ್ಲಿ ಅಷ್ಟು ವೇಗವಾಗಿ ಸುತ್ತುವ ಗಡಿಯಾರವು ನೆಲದ ಗಡಿಯಾರಕ್ಕಿಂತ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದ ೩೮ ಪಾಲಿನಷ್ಟು ಮುಂದೆ ಓಡುತ್ತದೆ. ಇದನ್ನು ಮೊದಲೇ ಎಣಿಸಿ ಸರಿಪಡಿಸದಿದ್ದರೆ ದಿನವೊಂದಕ್ಕೆ ೧೧ ಕಿಲೋಮೀಟರಿನಷ್ಟು ತಪ್ಪು ಕೂಡುತ್ತ ಹೋಗುತ್ತಿತ್ತು. ಗ್ರಂಥಗಳಲ್ಲಿ ಮಾತ್ರ ಓದುವ ವಿಷಯವೆಂದು ನಾವು ತಿಳಿದಿರುವ ಸಿದ್ಧಾಂತವೊಂದು ದಾರಿ ಹುಡುಕುವ ಪ್ರತಿಯೊಂದು ಫೋನಿನ ಲೆಕ್ಕದಲ್ಲಿಯೂ ಸೇರಿಕೊಂಡಿದೆ.

ಈ ವಿದ್ಯೆ ಮೊದಲು ಹುಟ್ಟಿದ್ದು ಸೈನ್ಯದ ಉಪಯೋಗಕ್ಕಾಗಿ. ೧೯೮೩ರ ಸೆಪ್ಟೆಂಬರ್ ೧ರಂದು, ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಆಕಾಶವನ್ನು ಹೊಕ್ಕ ದಕ್ಷಿಣ ಕೊರಿಯದ ಪ್ರಯಾಣಿಕ ವಿಮಾನವೊಂದನ್ನು ಅಲ್ಲಿನ ಸೈನ್ಯವು ಹೊಡೆದುರುಳಿಸಿತು. ೨೬೯ ಮಂದಿ ಪ್ರಾಣ ತೆತ್ತರು. ಆ ದುರಂತದ ಬಳಿಕ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ನರ ಸರಕಾರವು ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರಿಗೂ ತೆರೆದಿಡುವುದಾಗಿ ಸಾರಿತು. ಆದರೂ ನಾಗರಿಕರು ಬಳಸುವ ಸಂಕೇತದಲ್ಲಿ ಬೇಕೆಂದೇ ಒಂದಿಷ್ಟು ತಪ್ಪನ್ನು ಬೆರೆಸುವ ಪದ್ಧತಿ ಇತ್ತು. ೨೦೦೦ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಬೀದಿಯನ್ನು ಗುರುತಿಸುವಷ್ಟು ನಿಖರತೆ ಸಾಮಾನ್ಯ ಜನರಿಗೆ ದೊರೆಯಿತು.

ಇಂದು ಆಕಾಶದಲ್ಲಿರುವುದು ಜಿಪಿಎಸ್ ಒಂದೇ ಅಲ್ಲ. ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈದು ಎಂಬ ಪಂಗಡಗಳೂ ಭೂಮಂಡಲವನ್ನೆಲ್ಲ ಆವರಿಸಿವೆ. ಎತ್ತರದ ಕಟ್ಟಡಗಳಿಂದ ಕಿಕ್ಕಿರಿದ ಟೋಕಿಯೋದಂತಹ ನಗರಗಳಲ್ಲಿ ನೆತ್ತಿಯ ಬಳಿಯಿಂದಲೇ ಅಲೆ ಬರಲೆಂದು ಜಪಾನು ತನ್ನದೇ ಆದ ಉಪಗ್ರಹಗಳನ್ನಿಟ್ಟು ೨೦೧೮ರಿಂದ ಸೇವೆ ನಡೆಸತೊಡಗಿದೆ. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಭಾರತವನ್ನೂ ಅದರ ಸುತ್ತಣ ಸುಮಾರು ೧,೫೦೦ ಕಿಲೋಮೀಟರ್ ಪ್ರದೇಶವನ್ನೂ ಗುರಿಯಾಗಿಟ್ಟುಕೊಂಡ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹವನ್ನು ಇಸ್ರೋ ಸಂಸ್ಥೆ ೨೦೧೩ರ ಜುಲೈ ೧ರಂದು ಹಾರಿಸಿತು. ಈ ವ್ಯವಸ್ಥೆಯ ಸಮಯವನ್ನೂ ಪಥವನ್ನೂ ಎಣಿಸುವ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿದೆ ಎಂಬುದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಇಷ್ಟರಲ್ಲಿ ಮರೆಯಬಾರದ ಮಾತೊಂದಿದೆ. ಫೋನು ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಅದು ಹೇಳುವುದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಯಾರು ಕೇಳಿಸಿಕೊಂಡರೆಂಬುದು ಉಪಗ್ರಹಕ್ಕೆ ತಿಳಿಯದು. ಮೊಬೈಲ್ ಜಾಲಗಳು ಬಳಸುವ ಅಲೆಗಳ ಆವರ್ತನವು ದೇಶದಿಂದ ದೇಶಕ್ಕೆ ಭಿನ್ನವಾಗಬಹುದು. ಆದರೆ ಜಿಪಿಎಸ್ಸಿನ ಮುಖ್ಯ ಸಂಕೇತವು ಮುಂಬಯಿಯಲ್ಲಿಯೂ ದುಬಾಯಿಯಲ್ಲಿಯೂ ಬರ್ಲಿನ್ನಿನಲ್ಲಿಯೂ ಅದೇ ೧೫೭೫.೪೨ ಮೆಗಾಹರ್ಟ್ಸಿನಲ್ಲಿ ಬರುತ್ತದೆ. ಅದಕ್ಕೆ ಸಿಮ್ ಬೇಡ, ಶುಲ್ಕ ಬೇಡ, ಯಾವ ಜಾಲದ ಅಪ್ಪಣೆಯೂ ಬೇಡ.

ಹಾಗಾದರೆ ಜಾಲದ ಸಹಾಯವೇಕೆ?

ಜಾಲವಿಲ್ಲದೆಯೇ ಜಾಗ ತಿಳಿಯುವುದಾದರೆ, ವಿದೇಶದಲ್ಲಿ ಇಳಿದೊಡನೆ ಕೆಲವರ ಫೋನು ತನ್ನ ಜಾಗ ತಿಳಿಯದೆ ತಡವರಿಸುವುದೇಕೆ? ಉಪಗ್ರಹದ ಸಂಕೇತವು ಬಹು ಕ್ಷೀಣವಾದುದು. ಅದು ಮಾತನಾಡುವ ರೀತಿಯೂ ಬಹು ನಿಧಾನ. ಜಿಪಿಎಸ್ ಉಪಗ್ರಹವು ತನ್ನ ಪಥದ ವಿವರವನ್ನು ಸೆಕೆಂಡಿಗೆ ೫೦ ಬಿಟ್‌ಗಳಂತೆ ಒದರುತ್ತದೆ. ಒಂದು ಉಪಗ್ರಹದ ವಿವರವನ್ನು ಕೇಳಿ ಮುಗಿಸಲು ಅರ್ಧ ನಿಮಿಷ ಬೇಕು. ಎಲ್ಲ ಉಪಗ್ರಹಗಳ ಸ್ಥೂಲವಾದ ಪಂಚಾಂಗವನ್ನು ಕೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ಹಿಡಿಯುತ್ತದೆ. ನಡುವೆ ಕಟ್ಟಡವೊಂದು ಅಡ್ಡ ಬಂದು ಮಾತು ಕಡಿದರೆ ಮತ್ತೆ ಮೊದಲಿನಿಂದ ಕೇಳಬೇಕು.

ಈ ಕಾಯುವಿಕೆಯನ್ನು ತಪ್ಪಿಸಲು ಹುಟ್ಟಿದುದೇ ‘ಸಹಾಯಿತ ಜಿಪಿಎಸ್’ ಎಂಬ ಉಪಾಯ. ಉಪಗ್ರಹಗಳ ಪಥದ ವಿವರವನ್ನು ನೆಲದ ಮೇಲಿನ ಕೇಂದ್ರಗಳು ಮೊದಲೇ ಸಂಗ್ರಹಿಸಿಡುತ್ತವೆ. ಫೋನು ಅಂತರ್ಜಾಲದ ಮೂಲಕ ಕೇಳಿದರೆ ಕ್ಷಣಮಾತ್ರದಲ್ಲಿ ಆ ಪಂಚಾಂಗವನ್ನು ಅದರ ಕೈಗೆ ಕೊಡುತ್ತವೆ. ಈಗ ಯಾವ ಉಪಗ್ರಹವು ಆಕಾಶದ ಯಾವ ಮೂಲೆಯಲ್ಲಿದೆ ಎಂದು ತಿಳಿದ ಮೇಲೆ ಫೋನು ಕಣ್ಣುಕಟ್ಟಿದವನಂತೆ ತಡಕಬೇಕಾಗಿಲ್ಲ. ಆಯಾ ದೇಶದ ಮೊಬೈಲ್ ಜಾಲವೇ ತನ್ನ ಸಂಕೇತಗಳ ಮೂಲಕ ಈ ಸಹಾಯವನ್ನು ಒದಗಿಸುವ ಇನ್ನೊಂದು ದಾರಿಯೂ ಇದೆ. ಆದರೆ ಎಲ್ಲ ಜಾಲಗಳೂ ಎಲ್ಲ ಅತಿಥಿಗಳಿಗೂ ಅದನ್ನು ಕೊಡಲೇಬೇಕೆಂದಿಲ್ಲ.

ಪರದೇಶಕ್ಕೆ ಹೋದವರು ಖರ್ಚಿಗೆ ಅಂಜಿ ರೋಮಿಂಗ್ ಡೇಟಾವನ್ನು ನಿಲ್ಲಿಸಿರುತ್ತಾರೆ. ಆಗ ಈ ಪಂಚಾಂಗದ ಸಹಾಯ ತಪ್ಪಿಹೋಗಬಹುದು. ಭೂಪಟದ ಚಿತ್ರವಂತೂ ಬರುವುದೇ ಇಲ್ಲ. ಬರಿಯ ಬೂದುಬಣ್ಣದ ಹಾಳೆಯ ಮೇಲೆ ನೀಲಿ ಚುಕ್ಕೆ ಕುಳಿತಿರುವುದನ್ನು ಕಂಡು, ‘ಜಿಪಿಎಸ್ ಕೆಟ್ಟಿದೆ’ ಎಂದು ಜನ ಹೇಳುತ್ತಾರೆ. ವಾಸ್ತವವಾಗಿ ಕೆಟ್ಟಿರುವುದು ಯಾವುದೂ ಇಲ್ಲ. ಚುಕ್ಕೆ ಬರುವುದು ಆಕಾಶದಿಂದ. ಭೂಪಟ ಬರುವುದು ಅಂತರ್ಜಾಲದಿಂದ. ಹೊರಡುವ ಮುನ್ನವೇ ಆ ಊರಿನ ಭೂಪಟವನ್ನು ಫೋನಿನಲ್ಲಿ ಇಳಿಸಿಟ್ಟುಕೊಂಡವರು ತೆರೆದ ಬಯಲಿನಲ್ಲಿ ಒಂದೆರಡು ನಿಮಿಷ ತಾಳ್ಮೆಯಿಂದ ನಿಂತರೆ ಸಾಕು, ಜಾಲದ ನೆರವಿಲ್ಲದೆಯೇ ದಾರಿ ಕಾಣಬಹುದು.

ನೆರೆಹೊರೆಯವರ ಗುರುತು

ಆಕಾಶವೇ ಕಾಣದ ನೆಲಮಾಳಿಗೆಯಲ್ಲಿ, ರೈಲು ನಿಲ್ದಾಣದೊಳಗೆ ಏನು ಗತಿ? ಅಲ್ಲಿ ಫೋನು ನೆರೆಹೊರೆಯನ್ನು ನೋಡಿ ತನ್ನ ಜಾಗವನ್ನು ಊಹಿಸುತ್ತದೆ. ಪ್ರತಿಯೊಂದು ಮೊಬೈಲ್ ಗೋಪುರವೂ ತನ್ನ ಗುರುತಿನ ಸಂಖ್ಯೆಯನ್ನು ಸಾರುತ್ತಿರುತ್ತದೆ. ಅದರ ಮೊದಲ ಮೂರು ಅಂಕಿಗಳು ದೇಶವನ್ನು ಸೂಚಿಸುತ್ತವೆ: ಭಾರತಕ್ಕೆ ೪೦೪ ಮತ್ತು ೪೦೫, ಜರ್ಮನಿಗೆ ೨೬೨, ಜಪಾನಿಗೆ ೪೪೦, ಸಂಯುಕ್ತ ಅರಬ್ ಎಮಿರೇಟುಗಳಿಗೆ ೪೨೪. ಅದರ ಮುಂದೆ ಜಾಲದ ಸಂಖ್ಯೆ, ವಲಯದ ಸಂಖ್ಯೆ, ಗೋಪುರದ ಸಂಖ್ಯೆ ಬರುತ್ತವೆ. ಇಂಥ ಸಂಖ್ಯೆಯ ಗೋಪುರ ಇಂಥ ಕಡೆಯಲ್ಲಿದೆ ಎಂಬ ದೊಡ್ಡ ಪಟ್ಟಿಗಳನ್ನು ಗೂಗಲ್, ಆ್ಯಪಲ್ ಮೊದಲಾದ ಸಂಸ್ಥೆಗಳು ಇಟ್ಟುಕೊಂಡಿವೆ. ಫೋನು ತನಗೆ ಕೇಳಿಸುವ ಸಂಖ್ಯೆಗಳನ್ನು ಕಳುಹಿಸಿ ಆ ಪಟ್ಟಿಯಿಂದ ಉತ್ತರ ಪಡೆಯುತ್ತದೆ.

ಗೋಪುರದ ಲೆಕ್ಕದಿಂದ ದೊರೆಯುವ ಜಾಗ ಸ್ಥೂಲವಾದುದು. ನಗರದಲ್ಲಿ ಗೋಪುರಗಳು ಒತ್ತಾಗಿರುವುದರಿಂದ ಕೆಲವು ನೂರು ಮೀಟರುಗಳ ತಪ್ಪು, ಹಳ್ಳಿಗಾಡಿನಲ್ಲಿ ಕೆಲವು ಕಿಲೋಮೀಟರುಗಳ ತಪ್ಪು ಸಹಜ. ಇದಕ್ಕಿಂತ ಸೂಕ್ಷ್ಮವಾದುದು ವೈಫೈ. ಮನೆ, ಅಂಗಡಿ, ಹೋಟೆಲುಗಳಲ್ಲಿರುವ ಪ್ರತಿಯೊಂದು ವೈಫೈ ಪೆಟ್ಟಿಗೆಗೂ ತನ್ನದೇ ಒಂದು ಸಂಖ್ಯೆಯುಂಟು. ಅದರೊಡನೆ ಸಂಪರ್ಕ ಬೆಳೆಸದೆಯೇ, ಗುಪ್ತಪದ ತಿಳಿಯದೆಯೇ, ಫೋನು ಆ ಸಂಖ್ಯೆಯನ್ನು ಕೇಳಿಸಿಕೊಳ್ಳಬಲ್ಲುದು. ಪೆಟ್ಟಿಗೆಯ ಅಲೆ ಹೆಚ್ಚು ದೂರ ಹೋಗುವುದಿಲ್ಲವಾದ್ದರಿಂದ, ಅದು ಕೇಳಿಸಿತೆಂದರೆ ನಾವು ಅದರ ಹತ್ತಿರವೇ ಇದ್ದೇವೆ ಎಂದಾಯಿತು.

ನೆರೆಹೊರೆಯವರ ಮಾತನ್ನು ನಂಬುವಾಗ ಎಚ್ಚರ ಬೇಕು. ವೈಫೈ ಪೆಟ್ಟಿಗೆಯ ಯಜಮಾನನು ಬೇರೆ ಊರಿಗೆ ಮನೆ ಬದಲಾಯಿಸಿದರೆ, ಪಟ್ಟಿ ತಿದ್ದುಪಡಿಯಾಗುವವರೆಗೆ ಅದು ಹಳೆಯ ಊರನ್ನೇ ಹೇಳುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವ ನಗರವು ಫ್ರಾನ್ಸಿನ ಗಡಿಗೆ ಅಂಟಿಕೊಂಡಿದೆ. ಅಲ್ಲಿ ಫೋನು ಗಡಿಯಾಚೆಯ ಗೋಪುರವನ್ನು ಹಿಡಿದುಕೊಂಡರೆ, ಸ್ವಿಟ್ಜರ್ಲೆಂಡಿನಲ್ಲಿ ನಿಂತವರಿಗೂ ‘ಫ್ರಾನ್ಸಿಗೆ ಸ್ವಾಗತ’ ಎಂಬ ಸಂದೇಶ ಬರಬಹುದು. ಸಮುದ್ರದ ಮೇಲಿನ ಪ್ರಯಾಣಿಕ ಹಡಗುಗಳಲ್ಲಿ ಹಡಗಿನದೇ ಮೊಬೈಲ್ ಜಾಲವಿರುತ್ತದೆ. ಅದಕ್ಕೆ ಯಾವ ದೇಶದ ಸಂಖ್ಯೆಯೂ ಇಲ್ಲ. ಅಂತರರಾಷ್ಟ್ರೀಯವಾದ ೯೦೧ ಎಂಬ ಸಂಖ್ಯೆಯಿದೆ. ಗೋಪುರವೇ ತೇಲುತ್ತ ಸಾಗುತ್ತಿರುವಾಗ ಅದರ ಜಾಗವನ್ನು ಪಟ್ಟಿಯಲ್ಲಿ ಬರೆದಿಟ್ಟು ಪ್ರಯೋಜನವೇನು? ಅಲ್ಲಿ ಉಪಗ್ರಹಗಳೇ ಗತಿ. ನೀಲಿ ಚುಕ್ಕೆಯ ಸುತ್ತ ತೆಳುವಾದ ವೃತ್ತವೊಂದು ಕಾಣುವುದನ್ನು ನೀವು ನೋಡಿರಬಹುದು. ವೃತ್ತವು ದೊಡ್ಡದಿದ್ದಷ್ಟೂ ಫೋನಿಗೆ ತನ್ನ ಉತ್ತರದಲ್ಲಿ ಸಂಶಯ ಹೆಚ್ಚು ಎಂದು ತಿಳಿಯಬೇಕು.

ತವರಿನ ದಫ್ತರ, ಅತಿಥಿಯ ದಫ್ತರ

ಇಲ್ಲಿಯವರೆಗೆ ಹೇಳಿದುದು ಫೋನು ತನ್ನನ್ನು ತಾನು ಅರಿಯುವ ಬಗೆ. ಈಗ ಇತರರು ಅದನ್ನು ಅರಿಯುವ ಬಗೆಯನ್ನು ನೋಡೋಣ.

ನಮಗೆ ಬರುವ ಕರೆಯನ್ನು ನಮಗೆ ಮುಟ್ಟಿಸಬೇಕಾದರೆ, ನಾವು ಯಾವ ಗೋಪುರಗಳ ವಲಯದಲ್ಲಿದ್ದೇವೆ ಎಂಬುದು ಜಾಲಕ್ಕೆ ಗೊತ್ತಿರಲೇಬೇಕು. ಊರು ಬಿಟ್ಟವರು ಅಂಚೆ ಕಚೇರಿಗೆ ಹೊಸ ವಿಳಾಸವನ್ನು ತಿಳಿಸಿಹೋದರೆ ಕಾಗದಗಳು ಅಲ್ಲಿಗೆ ಮರುರವಾನೆಯಾಗುವುವಲ್ಲವೆ? ಇದೂ ಅಂಥದೇ. ನಮ್ಮ ಸಿಮ್ ಕೊಟ್ಟ ಸಂಸ್ಥೆಯಲ್ಲಿ ತವರಿನ ದಫ್ತರವೊಂದಿರುತ್ತದೆ. ಹೋದ ದೇಶದ ಜಾಲದಲ್ಲಿ ಅತಿಥಿಗಳ ದಫ್ತರವಿರುತ್ತದೆ. ವಿಮಾನದಿಂದ ಇಳಿದು ಫೋನನ್ನು ಹಚ್ಚಿದೊಡನೆ ಅದು ಅಲ್ಲಿನ ಗೋಪುರಗಳನ್ನು ಹುಡುಕಿ ತನ್ನ ಗುರುತನ್ನು ಹೇಳುತ್ತದೆ. ಅತಿಥಿ ಜಾಲವು ತವರಿನ ಜಾಲವನ್ನು ವಿಚಾರಿಸಿ, ‘ಈತ ನಮ್ಮವನೇ’ ಎಂಬ ಉತ್ತರ ಬಂದ ಮೇಲೆ ಸೇರಿಸಿಕೊಳ್ಳುತ್ತದೆ. ‘ಇವನು ಈಗ ಇಂಥ ದೇಶದ ಇಂಥ ಜಾಲದಲ್ಲಿದ್ದಾನೆ’ ಎಂದು ತವರಿನ ದಫ್ತರದಲ್ಲಿಯೂ ದಾಖಲಾಗುತ್ತದೆ. ಕೂಡಲೇ ಸ್ವಾಗತದ ಸಂದೇಶ ಬರುವುದು ಇದರಿಂದಲೇ. ಗಮನಿಸಿರಿ: ತವರಿನ ದಫ್ತರಕ್ಕೆ ತಿಳಿದುದು ದೇಶ ಮತ್ತು ಜಾಲ, ಬೀದಿಯಲ್ಲ. ಬೀದಿಯ ಮಟ್ಟದ ವಿಚಾರ ಅತಿಥಿ ಜಾಲಕ್ಕೆ ಮಾತ್ರ, ಅದೂ ಗೋಪುರದ ಲೆಕ್ಕದಲ್ಲಿ ಸ್ಥೂಲವಾಗಿ, ಗೊತ್ತಿರುತ್ತದೆ.

ಮೊದಲು ಹೇಳಿದ ಸೋಜಿಗಕ್ಕೆ ಇಲ್ಲಿ ಉತ್ತರವಿದೆ. ರೋಮಿಂಗಿನಲ್ಲಿರುವ ಫೋನಿನ ಅಂತರ್ಜಾಲದ ಸಂಚಾರವು ಸಾಮಾನ್ಯವಾಗಿ ಲಂಡನ್ನಿನಲ್ಲಿಯೇ ಹೊರಲೋಕಕ್ಕೆ ಇಳಿಯುವುದಿಲ್ಲ. ಸುರಂಗದಂತಹ ಒಂದು ದಾರಿಯಲ್ಲಿ ಅದು ಮೊದಲು ಭಾರತದ ತವರು ಜಾಲಕ್ಕೆ ಬಂದು, ಅಲ್ಲಿಂದ ಹೊರಕ್ಕೆ ಹೋಗುತ್ತದೆ. ಅಂತರ್ಜಾಲದ ವಿಳಾಸವನ್ನು ಮಾತ್ರ ನೋಡುವ ಜಾಲತಾಣಕ್ಕೆ ಆ ವಿಳಾಸ ಭಾರತದ್ದಾಗಿ ಕಾಣುತ್ತದೆ. ಆದ್ದರಿಂದ ಅದು ರೂಪಾಯಿಯ ಬೆಲೆ ಹೇಳಿತು. ಭೂಪಟವಾದರೋ ಉಪಗ್ರಹಗಳನ್ನು ಕೇಳಿತು. ಅದು ಥೇಮ್ಸ್ ನದಿಯನ್ನು ತೋರಿಸಿತು. ಅಲ್ಲಿನ ಸಿಮ್ಮನ್ನೇ ಕೊಂಡರೆ ಈ ಭೇದ ಮಾಯವಾಗುತ್ತದೆ. ಪ್ರವಾಸಿಗಳಿಗೆಂದು ಮಾರುವ ಕೆಲವು ಸಿಮ್‌ಗಳಲ್ಲಿ ಸಂಚಾರವು ಮೂರನೆಯ ದೇಶವೊಂದರಲ್ಲಿ ಹೊರಬೀಳುವುದರಿಂದ, ಲಂಡನ್ನೂ ಅಲ್ಲದ ಭಾರತವೂ ಅಲ್ಲದ ದೇಶವೊಂದು ನಮ್ಮ ನೆಲೆಯಾಗಿ ಕಾಣುವುದೂ ಉಂಟು.

ದೇಶಕ್ಕೊಂದು ಪದ್ಧತಿ

ಜಾಲಗಳು ಫೋನಿನ ಜಾಗವನ್ನು ಅಳೆಯುವ ವಿಧಾನಗಳು ದೇಶದಿಂದ ದೇಶಕ್ಕೆ ಹೇಗೆ ಭಿನ್ನವಾಗಿ ಬೆಳೆದುವೆಂಬುದಕ್ಕೆ ಅಮೆರಿಕದ ಚರಿತ್ರೆ ಒಳ್ಳೆಯ ನಿದರ್ಶನ. ೯೧೧ ಎಂಬ ತುರ್ತು ಸಂಖ್ಯೆಗೆ ಮೊಬೈಲಿನಿಂದ ಕರೆ ಮಾಡಿದವರ ಜಾಗವನ್ನು ಜಾಲಗಳು ತಿಳಿಸಬೇಕೆಂದು ಅಲ್ಲಿನ ಸಂಪರ್ಕ ಆಯೋಗವು ೧೯೯೬ರಲ್ಲಿ ವಿಧಿಸಿತು. ಮುಂದೆ ಅದನ್ನು ಜಾರಿಗೆ ತರುವ ಕಾಲಕ್ಕೆ ಅಲ್ಲಿ ಮುಖ್ಯವಾಗಿ ಎರಡು ಬಗೆಯ ಜಾಲಗಳಿದ್ದುವು. ವೆರಿಝೋನ್, ಸ್ಪ್ರಿಂಟ್ ಸಂಸ್ಥೆಗಳ ಸಿಡಿಎಂಎ ಜಾಲದಲ್ಲಿ ಎಲ್ಲ ಗೋಪುರಗಳ ಗಡಿಯಾರಗಳೂ ಜಿಪಿಎಸ್ ಸಮಯಕ್ಕೆ ಹೊಂದಿಕೊಂಡಿದ್ದುವು. ಆದ್ದರಿಂದ ಅವು ಫೋನಿನೊಳಗೇ ಜಿಪಿಎಸ್ ಇಟ್ಟು, ಗೋಪುರಗಳಿಂದ ಅದಕ್ಕೆ ಸಹಾಯ ಕೊಡುವ ಮಾರ್ಗವನ್ನು ಹಿಡಿದುವು. ಎಟಿ ಆ್ಯಂಡ್ ಟಿ, ಟಿ-ಮೊಬೈಲ್ ಸಂಸ್ಥೆಗಳ ಜಿಎಸ್ಎಂ ಜಾಲದಲ್ಲಿ ಗೋಪುರಗಳ ಗಡಿಯಾರಗಳಿಗೆ ಪರಸ್ಪರ ಹೊಂದಿಕೆಯಿರಲಿಲ್ಲ. ಅವು ಗೋಪುರಗಳಲ್ಲಿ ಬೇರೆ ಅಳತೆಯ ಯಂತ್ರಗಳನ್ನು ನೆಟ್ಟು, ಫೋನಿನ ಅಲೆ ಯಾವ ಗೋಪುರಕ್ಕೆ ಎಷ್ಟು ಬೇಗ ಮುಟ್ಟಿತೆಂದು ಎಣಿಸಿದುವು. ಆಯೋಗವೂ ಎರಡಕ್ಕೆ ಎರಡು ಮಟ್ಟಗಳನ್ನು ಗೊತ್ತುಮಾಡಿತು: ಫೋನೇ ಅಳೆಯುವುದಾದರೆ ಮೂರರಲ್ಲಿ ಎರಡು ಪಾಲು ಕರೆಗಳು ೫೦ ಮೀಟರಿನೊಳಗೆ, ಜಾಲವು ಅಳೆಯುವುದಾದರೆ ೧೦೦ ಮೀಟರಿನೊಳಗೆ ಸರಿಯಿರಬೇಕು. ಆ ಸಿಡಿಎಂಎ ಜಾಲಗಳು ೨೦೨೨ರಲ್ಲಿ ಮುಚ್ಚಿಹೋದುವು.

ಅಳತೆಯ ಕೋಲೂ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. ೨ಜಿ ಜಾಲದಲ್ಲಿ ಗೋಪುರವು ಫೋನಿನ ದೂರವನ್ನು ಸುಮಾರು ೫೫೦ ಮೀಟರಿನ ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು. ೪ಜಿ ಜಾಲದಲ್ಲಿ ಆ ಮೆಟ್ಟಿಲು ಸುಮಾರು ೭೮ ಮೀಟರಿಗೆ ಇಳಿಯಿತು. ಹಲವು ಗೋಪುರಗಳ ಅಲೆಗಳು ಬಂದು ಮುಟ್ಟುವ ಕಾಲದ ಅಂತರವನ್ನು ಫೋನೇ ಅಳೆದು ಹೇಳುವ ವಿಧಾನವೂ ಅದರಲ್ಲಿದೆ.

ಚೀನದ ಪದ್ಧತಿ ಇನ್ನೂ ವಿಚಿತ್ರವಾದುದು. ಅಲ್ಲಿ ಸಾರ್ವಜನಿಕ ಭೂಪಟಗಳನ್ನು ನಿಜವಾದ ಅಕ್ಷಾಂಶ ರೇಖಾಂಶಗಳಿಂದ ಬೇಕೆಂದೇ ಕೆಲವು ನೂರು ಮೀಟರು ಸರಿಸಿ ಪ್ರಕಟಿಸಬೇಕೆಂದು ನಿಯಮವಿದೆ. ಉಪಗ್ರಹದಿಂದ ಬಂದ ಜಾಗ ಸರಿಯಾಗಿಯೇ ಇರುತ್ತದೆ, ಭೂಪಟ ಸರಿದಿರುತ್ತದೆ. ಈ ನಿಯಮಕ್ಕೆ ತಕ್ಕಂತೆ ಲೆಕ್ಕವನ್ನು ತಿದ್ದಿಕೊಳ್ಳದ ಭೂಪಟದಲ್ಲಿ, ರಸ್ತೆಯಲ್ಲಿ ನಿಂತವನ ಚುಕ್ಕೆ ನದಿಯ ನಡುವೆ ಕಂಡರೆ ಆಶ್ಚರ್ಯವಿಲ್ಲ.

ಪ್ರಾಣಾಪಾಯದ ಹೊತ್ತಿನಲ್ಲಿ

ಈ ವಿಚಾರಗಳೆಲ್ಲ ಬರಿಯ ಕುತೂಹಲಕ್ಕಲ್ಲ. ಪರದೇಶದ ಹೆದ್ದಾರಿಯಲ್ಲಿ ಅಪಘಾತವಾಯಿತೆನ್ನೋಣ. ಗಾಯಗೊಂಡವರಿಗೆ ಅಲ್ಲಿನ ಭಾಷೆ ಬಾರದು, ಊರ ಹೆಸರು ತಿಳಿಯದು. ಫೋನಿಗೆ ಮಾತ್ರ ತಾನೆಲ್ಲಿದ್ದೇನೆಂದು ಚೆನ್ನಾಗಿ ಗೊತ್ತಿದೆ. ಅದು ಅರಿತುದು ನೆರವಿಗೆ ಬರುವವರಿಗೆ ತಲುಪುವುದೆ? ಪ್ರಶ್ನೆ ಇದು.

ಬಹುಕಾಲ ಅದು ತಲುಪುತ್ತಿರಲಿಲ್ಲ. ತುರ್ತು ಕೇಂದ್ರಕ್ಕೆ ತಿಳಿಯುತ್ತಿದ್ದುದು ಗೋಪುರದ ವಲಯ ಮಾತ್ರ. ಈ ಕೊರತೆಯನ್ನು ನೀಗಲು ಬ್ರಿಟನ್ನಿನಲ್ಲಿ ೨೦೧೪ರಲ್ಲಿ ಒಂದು ಹೊಸ ಉಪಾಯವನ್ನು ಆರಂಭಿಸಿದರು. ತುರ್ತು ಸಂಖ್ಯೆಯನ್ನು ಒತ್ತಿದೊಡನೆ ಫೋನು ತಾನಾಗಿಯೇ ಜಿಪಿಎಸ್ ಮತ್ತು ವೈಫೈಗಳನ್ನು ಎಚ್ಚರಿಸಿ, ಸುಮಾರು ೨೦ ಸೆಕೆಂಡುಗಳಲ್ಲಿ ತನ್ನ ಜಾಗವನ್ನು ಗೊತ್ತುಮಾಡಿ, ಒಂದು ಸಂದೇಶದ ಮೂಲಕ ಕೇಂದ್ರಕ್ಕೆ ಕಳುಹಿಸಿಬಿಡುತ್ತದೆ. ಕರೆ ಮಾಡಿದವರು ಏನನ್ನೂ ಮಾಡಬೇಕಾಗಿಲ್ಲ. ೨೦೧೬ರಲ್ಲಿ ಗೂಗಲ್ ಸಂಸ್ಥೆ ಆಂಡ್ರಾಯ್ಡ್ ಫೋನುಗಳಲ್ಲಿಯೂ, ೨೦೧೮ರಲ್ಲಿ ಆ್ಯಪಲ್ ಸಂಸ್ಥೆ ತನ್ನ ಐಫೋನುಗಳಲ್ಲಿಯೂ ಇಂಥ ಸೌಲಭ್ಯವನ್ನು ಸೇರಿಸಿದುವು. ಐರೋಪ್ಯ ಒಕ್ಕೂಟದಲ್ಲಿ ೨೦೨೨ರ ಮಾರ್ಚಿನಿಂದ ಮಾರುಕಟ್ಟೆಗೆ ಬರುವ ಸ್ಮಾರ್ಟ್‌ಫೋನುಗಳಲ್ಲಿ ಇಂಥ ಶಕ್ತಿ ಇರಲೇಬೇಕೆಂದು ವಿಧಿಯಾಯಿತು.

ಆದರೆ ಅತಿಥಿಯ ಪಾಲಿಗೆ ಇಲ್ಲಿಯೂ ಒಂದು ತೊಡಕುಂಟು. ತುರ್ತು ಕರೆಯನ್ನು ಹೋದ ದೇಶದ ಜಾಲವೇ ಒಯ್ದು ಅಲ್ಲಿನ ಕೇಂದ್ರಕ್ಕೆ ಮುಟ್ಟಿಸುತ್ತದೆ. ನಮ್ಮ ಜಾಲ ಸಿಗದಿದ್ದರೂ, ಸಾಮಾನ್ಯವಾಗಿ ಅಲ್ಲಿ 
ಸಿಗುವ ಯಾವುದಾದರೊಂದು ಜಾಲ ಅದನ್ನು ಸ್ವೀಕರಿಸುತ್ತದೆ. ಆದರೆ ರೋಮಿಂಗಿನಲ್ಲಿರುವ ಫೋನಿನ ಸಂದೇಶವು ತವರಿನ ಸಂದೇಶಕೇಂದ್ರದ ಮೂಲಕವೇ ಸಾಗುವುದು ರೂಢಿ. ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ಕಳುಹಿಸಿದ ಸಂದೇಶ ಸಾವಿರಾರು ಮೈಲಿ ದೂರದ ಭಾರತಕ್ಕೆ ಬರುತ್ತದೆ. ಅಲ್ಲಿನ ತುರ್ತು ಕೇಂದ್ರದ ಗಿಡ್ಡ ಸಂಖ್ಯೆಯನ್ನು ಇಲ್ಲಿನ ಕೇಂದ್ರವು ಗುರುತಿಸಲಾರದೆ ಹೋಗಬಹುದು. ಕರೆ ಮುಟ್ಟುತ್ತದೆ, ಜಾಗ ಮುಟ್ಟುವುದಿಲ್ಲ! ಸಂದೇಶದ ಬದಲು ಅಂತರ್ಜಾಲದ ಮೂಲಕ ಜಾಗವನ್ನು ಕಳುಹಿಸುವ ಏರ್ಪಾಡಿರುವ ಕಡೆ ಈ ತೊಡಕು ಕಡಮೆ. ಆದರೆ ಡೇಟಾ ನಿಲ್ಲಿಸಿದವರಿಗೆ ಅದೂ ಒದಗದಿರಬಹುದು.

ನಿಮ್ಮಲ್ಲಿ ಅನೇಕರ ಅಣ್ಣಂದಿರು, ಅಕ್ಕಂದಿರು, ಸೋದರಮಾವಂದಿರು ಕೊಲ್ಲಿಯ ದೇಶಗಳಲ್ಲಿಯೂ ಯುರೋಪು ಅಮೆರಿಕಗಳಲ್ಲಿಯೂ ಉದ್ಯೋಗದಲ್ಲಿರಬಹುದು. ನಾಳೆ ನೀವೇ ಹೋಗಬಹುದು. ಆದುದರಿಂದ ಮೂರು ಮಾತುಗಳನ್ನು ನೆನಪಿನಲ್ಲಿಡಿ. ಹೋಗುವ ದೇಶದ ತುರ್ತು ಸಂಖ್ಯೆಯನ್ನು ಮೊದಲೇ ತಿಳಿದುಕೊಳ್ಳಿ: ಐರೋಪ್ಯ ಒಕ್ಕೂಟದಲ್ಲಿ ೧೧೨, ಅಮೆರಿಕದಲ್ಲಿ ೯೧೧, ಬ್ರಿಟನ್ನಿನಲ್ಲಿ ೯೯೯, ಜಪಾನಿನಲ್ಲಿ ಪೊಲೀಸರಿಗೆ ೧೧೦, ಆಂಬ್ಯುಲೆನ್ಸಿಗೂ ಅಗ್ನಿಶಾಮಕ ದಳಕ್ಕೂ ೧೧೯. ಭೂಪಟದ ಚುಕ್ಕೆಯನ್ನು ಒತ್ತಿ ಹಿಡಿದು ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ಓದಿ ಹೇಳುವುದನ್ನು ಅಭ್ಯಾಸ ಮಾಡಿ. ಕರೆ ಮಾಡಿದಾಗ, ‘ಫೋನು ಹೇಳಿಕೊಳ್ಳುತ್ತದೆ’ ಎಂದು ನೆಚ್ಚಿ ಕೂಡದೆ, ರಸ್ತೆಯ ಸಂಖ್ಯೆ, ನಿಲ್ದಾಣದ ಹೆಸರು, ಕಣ್ಣಿಗೆ ಬಿದ್ದ ಫಲಕದ ಅಕ್ಷರ, ಯಾವುದು ಕಂಡರೂ ಅದನ್ನು ಬಾಯಿಬಿಟ್ಟು ಹೇಳಿ.

ನೀವೇ ಮಾಡಿ ನೋಡಿ

ಈ ಲೇಖನದಲ್ಲಿ ಹೇಳಿದುದನ್ನು ಪರೀಕ್ಷಿಸಲು ವಿದೇಶಕ್ಕೆ ಹೋಗಬೇಕಾಗಿಲ್ಲ. ಮನೆಯ ಹಿರಿಯರ ಅಪ್ಪಣೆ ಪಡೆದು ಅವರ ಫೋನಿನಲ್ಲಿ ನಿಮ್ಮ ನಗರದ ಭೂಪಟವನ್ನು ಇಳಿಸಿಟ್ಟುಕೊಳ್ಳಿ. ಅನಂತರ ವಿಮಾನ ಪ್ರಯಾಣದ ಸ್ಥಿತಿಯನ್ನು ಆರಿಸಿ, ವೈಫೈಯನ್ನೂ ನಿಲ್ಲಿಸಿ. ಇಂದಿನ ಬಹುತೇಕ ಫೋನುಗಳಲ್ಲಿ ಆ ಸ್ಥಿತಿಯಲ್ಲಿಯೂ ಜಿಪಿಎಸ್ ಕೇಳಿಸಿಕೊಳ್ಳುತ್ತಲೇ ಇರುತ್ತದೆ. ಈಗ ಬಸ್ಸಿನಲ್ಲಿಯೋ ಲೋಕಲ್ ರೈಲಿನಲ್ಲಿಯೋ ನಾಲ್ಕಾರು ನಿಲ್ದಾಣ ಹೋಗಿ, ಬಯಲಿನಲ್ಲಿ ಇಳಿದು, ಚುಕ್ಕೆಯು ಹೊಸ ಜಾಗಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದುಕೊಳ್ಳಿ. ಮತ್ತೆ ಎತ್ತರದ ಕಟ್ಟಡಗಳ ನಡುವಿನ ಗಲ್ಲಿಯಲ್ಲಿಯೂ, ಕೊಠಡಿಯೊಳಗೂ ನಿಂತು ನೋಡಿ. ಕೊನೆಗೆ ವೈಫೈಯನ್ನೂ ಡೇಟಾವನ್ನೂ ಹಚ್ಚಿ, ಸುತ್ತಣ ವೃತ್ತವು ಹೇಗೆ ಕಿರಿದಾಗುವುದೆಂದು ಗಮನಿಸಿ. ನಾಲ್ಕು ಸಾಲಿನ ಒಂದು ಪಟ್ಟಿ ಸಿದ್ಧವಾಗುತ್ತದೆ. ಅದನ್ನು ತರಗತಿಗೆ ತಂದು ಗೆಳೆಯರ ಪಟ್ಟಿಗಳೊಡನೆ ಹೋಲಿಸಿದರೆ, ಯಾವ ಉತ್ತರ ಆಕಾಶದಿಂದ ಬಂದಿತು, ಯಾವುದು ನೆರೆಹೊರೆಯಿಂದ ಬಂದಿತು ಎಂಬುದನ್ನು ನೀವೇ ಬೇರ್ಪಡಿಸಿ ಹೇಳಬಲ್ಲಿರಿ.